ತಕ್ಕಡಿಯನ್ನು ಬದಿಗಿಡಿ, ಬಾಳಿಕೆಯನ್ನು ಕೇಳಿ



ಶನಿವಾರ, ಭಾನುವಾರಗಳ ಮುಂಜಾನೆ ಸೈಕಲ್ಲೇರಿ ಹಳ್ಳಿಗಾಡಿನ ದಾರಿ ಹಿಡಿಯುವ ಅಭ್ಯಾಸ ನಮ್ಮ ಕುಟುಂಬಗಳಲ್ಲಿ ಬೇರೂರುತ್ತಿರುವುದು ಸಂತಸದ ಸಂಗತಿ. ದಕ್ಷಿಣ ಏಷ್ಯಾ ಮೂಲದವರಾದ ನಮಗೆ ಮಧುಮೇಹವೂ ಹೃದ್ರೋಗವೂ ಈ ದೇಶದ ಬಿಳಿಯರಿಗಿಂತ ಹೆಚ್ಚಾಗಿ, ಅದೂ ಕಿರಿಯ ವಯಸ್ಸಿನಲ್ಲಿಯೇ ಗಂಟುಬೀಳುತ್ತವೆ ಎಂಬುದು ಬ್ರಿಟನ್ನಿನ ಪ್ರತಿಯೊಬ್ಬ ವೈದ್ಯರೂ ಹೇಳುವ ಮಾತು. ನಲವತ್ತು ದಾಟಿದ ನಮ್ಮವರು ಸೈಕಲ್ ತುಳಿದಷ್ಟೂ ಒಳ್ಳೆಯದು.

ಆದರೆ ಈ ಒಳ್ಳೆಯ ಅಭ್ಯಾಸದ ಬೆನ್ನಿಗೇ ಒಂದು ಕೆಟ್ಟ ಚಾಳಿಯೂ ಹೊಕ್ಕಿದೆ. ಅದು ಗ್ರಾಂ ಎಣಿಸುವ ಚಾಳಿ. ಹೊಸದಾಗಿ ಬಂದವರ ಸೈಕಲ್ಲನ್ನು ಒಂದೇ ಕೈಯಲ್ಲಿ ಎತ್ತಿ, ತೂಗಿ, ಹುಬ್ಬು ಗಂಟಿಕ್ಕುವವರನ್ನು ನಾವೆಲ್ಲ ಕಂಡಿದ್ದೇವೆ. ಹಾಗೆ ತೂಗಿಸಿಕೊಂಡವರಲ್ಲಿ ಎಷ್ಟೋ ಮಂದಿ ಮರುವಾರ ಬರುವುದಿಲ್ಲ. ಉಳಿದವರು ನಾಲ್ಕಾರು ಸಾವಿರ ಪೌಂಡ್ ತೆತ್ತು ಕಾರ್ಬನ್ ಸೈಕಲ್ ತರುತ್ತಾರೆ, ಮೂರು ವರ್ಷಗಳಲ್ಲಿ ಅದು ‘ಹಳೆಯ ಮಾಡೆಲ್’ ಎನಿಸಿ ಇನ್ನೊಂದನ್ನು ಹುಡುಕುತ್ತಾರೆ. ಮಳೆ ಬಂದರೆ ಅದು ಗ್ಯಾರೇಜಿನಿಂದ ಹೊರಗೆ ಬಾರದು. ಈ ಚಾಳಿಯ ವಿರುದ್ಧವೇ ಈ ಲೇಖನ. ಕುಟುಂಬಸ್ಥನಾದ, ಪಂದ್ಯಕ್ಕಿಳಿಯದ ಸವಾರನಿಗೆ ಲೋಹದ ಸೈಕಲ್ಲೇ ತಕ್ಕದ್ದು; ಶಕ್ತಿಯಿದ್ದವರು ತುಕ್ಕು ಹಿಡಿಯದ ಉಕ್ಕನ್ನೋ ಟೈಟಾನಿಯಮನ್ನೋ ಆರಿಸಿಕೊಳ್ಳಲಿ ಎಂಬುದು ನನ್ನ ವಾದ.

ಮೊದಲು ತೂಕದ ಲೆಕ್ಕವನ್ನೇ ನೋಡೋಣ. ಸವಾರ 75 ಕಿಲೋ, ಕಾರ್ಬನ್ ಸೈಕಲ್ 8 ಕಿಲೋ, ಉಕ್ಕಿನದು 9 ಕಿಲೋ ಎಂದಿಟ್ಟುಕೊಳ್ಳಿ. ಒಟ್ಟು ಭಾರ 83ರಿಂದ 84ಕ್ಕೆ ಏರಿತು. ವ್ಯತ್ಯಾಸ ಶೇಕಡ 1.2. 2012ರ ಒಲಿಂಪಿಕ್ಸ್ ರಸ್ತೆ ಪಂದ್ಯ ಹಾದುಹೋದ ಸರ್ರೆಯ ಬಾಕ್ಸ್ ಹಿಲ್ ಏರನ್ನು ನೀವು ಹತ್ತು ನಿಮಿಷಗಳಲ್ಲಿ ಹತ್ತುವಿರಾದರೆ, ಆ ಒಂದು ಕಿಲೋ ನಿಮಗೆ ತಂದೊಡ್ಡುವ ನಷ್ಟ ಹೆಚ್ಚೆಂದರೆ ಏಳು ಸೆಕೆಂಡು. ಸಮತಟ್ಟಾದ ರಸ್ತೆಯಲ್ಲಿ ಅದೂ ಇಲ್ಲ. ಅಲ್ಲಿ ನಿಮ್ಮ ಎದುರಾಳಿ ಗಾಳಿ. ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟವು 2000ದಿಂದ ವೃತ್ತಿಪರರ ಸೈಕಲ್ಲಿಗೂ 6.8 ಕಿಲೋಗಿಂತ ಕಡಿಮೆ ತೂಕವಿರಬಾರದೆಂದು ನಿಯಮ ಮಾಡಿದೆ. ಆ ಏಳು ಸೆಕೆಂಡಿಗಾಗಿ ಎರಡು ಸಾವಿರ ಪೌಂಡ್ ಹೆಚ್ಚು ಕೊಡುವವರು ಸೊಂಟದ ಸುತ್ತಳತೆಯನ್ನು ಒಮ್ಮೆ ನೋಡಿಕೊಳ್ಳುವುದು ಲೇಸು. ಅಂಗೈ ಹುಣ್ಣಿಗೆ ಕನ್ನಡಿ ಬೇಕೆ?

ಕಾರ್ಬನ್ನನ್ನು ನಿಂದಿಸುವುದು ನನ್ನ ಉದ್ದೇಶವಲ್ಲ. ಅದು ಗಟ್ಟಿಯಾದ ವಸ್ತು. ಪಂದ್ಯಕ್ಕೆ ಅದನ್ನು ಮೀರಿಸಿದ್ದಿಲ್ಲ. ಒಡೆದರೆ ದುರಸ್ತಿ ಮಾಡುವವರೂ ಇದ್ದಾರೆ. ಅದರ ತೊಡಕಿರುವುದು ಬೇರೆಡೆ. ಕಾಫಿ ಅಂಗಡಿಯ ಗೋಡೆಗೆ ಒರಗಿಸಿದ್ದು ಜಾರಿ ಕಲ್ಲಿನ ಮೇಲೆ ಬಿದ್ದರೆ, ಒಳಗಿನ ಪದರಗಳಿಗೆ ಪೆಟ್ಟಾಗಿದೆಯೋ ಇಲ್ಲವೋ ಎಂಬುದು ಬರಿಗಣ್ಣಿಗೆ ಕಾಣದೆ ಹೋಗಬಹುದು. ಉಕ್ಕು, ಟೈಟಾನಿಯಂಗಳು ಹಾಗಲ್ಲ. ಅವು ಬಾಗುತ್ತವೆ, ತಗ್ಗುತ್ತವೆ, ಬಿರುಕನ್ನು ಸಾಮಾನ್ಯವಾಗಿ ಮುಂಚಿತವಾಗಿ ತೋರಿಸುತ್ತವೆ. ಮಗಳನ್ನು ಹಿಂದೆ ಕರೆದುಕೊಂಡು ಇಳಿಜಾರಿನಲ್ಲಿ ಇಳಿಯುವ ತಾಯಿಗೆ ಈ ಗುಣ ಏಳು ಸೆಕೆಂಡಿಗಿಂತ ದೊಡ್ಡದು.

ಬ್ರಿಟನ್ನಿನಲ್ಲಿ ನೆಲೆಸಿದ ನಾವು ಇಲ್ಲಿಯ ಲೋಹದ ಪರಂಪರೆಯನ್ನೂ ಅರಿತಿರಬೇಕು. ಹ್ಯಾರಿ ಬ್ರಿಯರ್ಲಿ 1913ರಲ್ಲಿ ತುಕ್ಕು ಹಿಡಿಯದ ಉಕ್ಕನ್ನು ರೂಪಿಸಿದ್ದು ಶೆಫೀಲ್ಡಿನಲ್ಲಿ. ತುದಿಗಳಲ್ಲಿ ದಪ್ಪ, ನಡುವೆ ತೆಳುವಾದ ಸೈಕಲ್ ಕೊಳವೆಗೆ 1897ರಲ್ಲಿ ಪೇಟೆಂಟ್ ಪಡೆದದ್ದು ಬರ್ಮಿಂಗ್‌ಹ್ಯಾಮಿನ ರೆನಾಲ್ಡ್ಸ್. 1935ರಲ್ಲಿ ಬಂದ ಅವರ 531 ಕೊಳವೆಯ ಸೈಕಲ್ಲುಗಳು ಇಂದಿಗೂ ಇಲ್ಲಿಯ ರಸ್ತೆಗಳಲ್ಲಿ ಓಡುತ್ತಿವೆ. ಅದೇ ಸಂಸ್ಥೆಯ 953 ಎಂಬ ತುಕ್ಕು ನಿರೋಧಕ ಉಕ್ಕು ಎಷ್ಟು ಬಲಶಾಲಿಯೆಂದರೆ, ಕೊಳವೆಯ ನಡುಭಾಗವನ್ನು 0.3 ಮಿಲಿಮೀಟರಿನಷ್ಟು ತೆಳ್ಳಗೆ ಎಳೆಯಬಹುದು. ಇಟಲಿಯ ಕೊಲಂಬಸ್ ಸಂಸ್ಥೆಯ ಎಕ್ಸ್‌ಸಿಆರ್ ಕೂಡ ಇದೇ ಬಗೆಯದು. ಟೈಟಾನಿಯಮ್ಮಿನ ಕಥೆಯೂ ಬರ್ಮಿಂಗ್‌ಹ್ಯಾಮನ್ನು ಮುಟ್ಟುತ್ತದೆ: 1973ರ ಟೂರ್ ಡಿ ಫ್ರಾನ್ಸ್ ಗೆದ್ದ ಲೂಯಿಸ್ ಒಕಾನ್ಯಾ ಅಲ್ಲಿಯ ಸ್ಪೀಡ್‌ವೆಲ್ ಟೈಟಾನಿಯಂ ಫ್ರೇಮನ್ನು ಬಳಸಿದ್ದರು. ಇಂದು ಹೆಚ್ಚಿನ ಟೈಟಾನಿಯಂ ಫ್ರೇಮುಗಳಿಗೆ ಬಳಸುವ, ಶೇಕಡ 3 ಅಲ್ಯುಮಿನಿಯಂ ಮತ್ತು 2.5 ವನೇಡಿಯಂ ಬೆರೆತ ಮಿಶ್ರಲೋಹವಾದರೋ ವಿಮಾನಗಳ ಹೈಡ್ರಾಲಿಕ್ ಕೊಳವೆಗಳಿಂದ ಬಂದದ್ದು.

ಲೋಹದ ಪರ ವಾದಿಸುತ್ತಿರುವಾಗಲೇ ಅದರ ವ್ಯಾಪಾರಿಗಳ ಉತ್ಪ್ರೇಕ್ಷೆಯನ್ನೂ ಖಂಡಿಸಬೇಕು. ‘ಟೈಟಾನಿಯಂ ರಸ್ತೆಯ ಕಂಪನವನ್ನು ಕುಡಿದುಬಿಡುತ್ತದೆ, ಅದರ ಮೇಲೆ ಕುಳಿತರೆ ತೇಲಿದಂತೆ’ ಎಂಬ ಮಾತನ್ನು ಎಲ್ಲೆಡೆ ಕೇಳುತ್ತೇವೆ. ಲೋಹಕ್ಕೆ ಅಂಥ ಮಾಂತ್ರಿಕ ಶಕ್ತಿಯಿಲ್ಲ. ಒಂದು ಘನ ಸೆಂಟಿಮೀಟರ್ ಉಕ್ಕಿನ ತೂಕ ಸುಮಾರು 7.8 ಗ್ರಾಂ, ಟೈಟಾನಿಯಮ್ಮಿನದು ಸುಮಾರು 4.5. ಟೈಟಾನಿಯಮ್ಮಿನ ಬಿಗುವು ಕೂಡ ಉಕ್ಕಿನ ಅರ್ಧಕ್ಕಿಂತ ತುಸುವೇ ಹೆಚ್ಚು. ತೂಕ ಇಳಿದಷ್ಟೇ ಬಿಗುವೂ ಇಳಿಯುವುದರಿಂದ ಫ್ರೇಮಿನ ನಡವಳಿಕೆಯನ್ನು ನಿರ್ಧರಿಸುವುದು ಕೊಳವೆಯ ವ್ಯಾಸ, ದಪ್ಪ, ಕಟ್ಟಿದವರ ಕೈಚಳಕ. ಸೊಂಟಕ್ಕೂ ಅಂಗೈಗೂ ಸಿಗುವ ಸುಖವನ್ನು ಎಲ್ಲಕ್ಕಿಂತ ಹೆಚ್ಚಾಗಿ ನಿರ್ಧರಿಸುವುದು ಟೈರಿನ ಅಗಲ ಮತ್ತು ಅದರೊಳಗಿನ ಗಾಳಿ. ಕಲ್ಲಿನಂತೆ ಗಾಳಿ ತುಂಬಿದ 25 ಮಿಲಿಮೀಟರ್ ಟೈರ್ ತೊಡಿಸಿದ ಟೈಟಾನಿಯಂ ಸೈಕಲ್ಲಿಗಿಂತ, ಹದವಾಗಿ ಗಾಳಿ ತುಂಬಿದ 32 ಮಿಲಿಮೀಟರ್ ಟೈರಿನ ಸಾಮಾನ್ಯ ಉಕ್ಕಿನ ಸೈಕಲ್ ಮೆತ್ತಗೆ ಸಾಗುತ್ತದೆ. ದುಬಾರಿ ಫ್ರೇಮ್ ಕೊಂಡು ಟೈರಿಗೆ ಜಿಪುಣತನ ತೋರುವುದು ಆನೆ ಕೊಂಡವನು ಅಂಕುಶಕ್ಕೆ ಚೌಕಾಸಿ ಮಾಡಿದಂತೆ.

ಹಾಗಾದರೆ ಹೆಚ್ಚಿನ ಹಣ ಕೊಡುವುದು ಏತಕ್ಕೆ? ಬಾಳಿಕೆಗೆ. ಇಲ್ಲಿ ಚಳಿಗಾಲವೆಂದರೆ ರಸ್ತೆಗೆ ಉಪ್ಪು ಸುರಿಯುವ ಕಾಲ. ಸಾಧಾರಣ ಉಕ್ಕಿನ ಬಣ್ಣ ಕಿತ್ತಲ್ಲೆಲ್ಲ ತುಕ್ಕು ಹಿಡಿಯುತ್ತದೆ. ತುಕ್ಕು ನಿರೋಧಕ ಉಕ್ಕು ತೊಳೆದು ಒರೆಸಿದರೆ ವರ್ಷಗಟ್ಟಲೆ ಹಾಗೆಯೇ ಇರುತ್ತದೆ. ಟೈಟಾನಿಯಮ್ಮಿಗೆ ಈ ಉಪ್ಪುನೀರು ಏನೂ ಮಾಡಲಾರದು. ಅದಕ್ಕೆ ಬಣ್ಣವೇ ಬೇಡ, ಗೀಚಿದರೆ ಉಜ್ಜಿ ತೆಗೆಯಬಹುದು. ಉಕ್ಕಿಗೂ ಟೈಟಾನಿಯಮ್ಮಿಗೂ ಇನ್ನೊಂದು ಗುಣವಿದೆ: ಸರಿಯಾಗಿ ಕಟ್ಟಿದ ಫ್ರೇಮಿನಲ್ಲಿ ಒತ್ತಡವು ಒಂದು ಮಿತಿಯೊಳಗಿದ್ದರೆ ಲಕ್ಷಾಂತರ ಕಂಪನಗಳ ಬಳಿಕವೂ ಲೋಹ ದಣಿಯುವುದಿಲ್ಲ. ಅಲ್ಯುಮಿನಿಯಮ್ಮಿಗೆ ಈ ಭಾಗ್ಯವಿಲ್ಲ.

ಕೊಳ್ಳುವವರು ಅಂಗಡಿಯಲ್ಲಿ ಕೇಳಬೇಕಾದ ಪ್ರಶ್ನೆಗಳು ತೂಕದ ಪ್ರಶ್ನೆಗಳಲ್ಲ. ಮೊದಲನೆಯದು ಅಳತೆ: ಹ್ಯಾಂಡಲ್ ನನ್ನ ಬೆನ್ನಿಗೆ ತಕ್ಕ ಎತ್ತರದಲ್ಲಿದೆಯೆ, ನನ್ನ ಕೈಗೆ ಹದವಾಗಿ ಎಟಕುತ್ತದೆಯೆ? ದಿನವಿಡೀ ಕಂಪ್ಯೂಟರಿನ ಮುಂದೆ ಕುಳಿತ ಬೆನ್ನು ಪಂದ್ಯದ ಸೈಕಲ್ಲಿನ ಮೇಲೆ ಬಾಗಲಾರದು. ಅಳತೆ ಒಪ್ಪದ ಟೈಟಾನಿಯಮ್ಮಿಗಿಂತ ಅಳತೆ ಒಪ್ಪುವ ಅಲ್ಯುಮಿನಿಯಂ ಲೇಸು. ಎರಡನೆಯದು, ಮಡ್‌ಗಾರ್ಡ್ ಸಹಿತವಾಗಿ 32 ಮಿಲಿಮೀಟರ್ ಟೈರಿಗೆ ಜಾಗವಿದೆಯೆ? ಮೂರನೆಯದು, ಪೆಡಲಿನ ಅಚ್ಚು ಕೂರುವ ಬಾಟಮ್ ಬ್ರಾಕೆಟ್ ತಿರುಪಿನದೋ, ಒತ್ತಿ ಕೂರಿಸುವುದೋ? ತಿರುಪಿನದಾದರೆ ಯಾವ ಅಂಗಡಿಯಲ್ಲೂ ಸುಲಭವಾಗಿ ಬದಲಿಸಬಹುದು. ನಾಲ್ಕನೆಯದು, ಕೇಬಲ್ಲುಗಳೆಲ್ಲ ಹ್ಯಾಂಡಲಿನೊಳಗೇ ಅಡಗಿವೆಯೆ? ನೋಟಕ್ಕೆ ಚೆಂದ, ಆದರೆ ಒಂದು ಬೇರಿಂಗ್ ಬದಲಿಸಲೂ ಎಲ್ಲವನ್ನೂ ಬಿಚ್ಚಬೇಕಾಗಬಹುದು. ಐದನೆಯದು, ಬೆಸುಗೆಗೆ ಎಷ್ಟು ವರ್ಷಗಳ ಖಾತರಿ? ಕಾದ ಟೈಟಾನಿಯಂ ಗಾಳಿಯ ಆಮ್ಲಜನಕವನ್ನು ಹೀರಿಕೊಂಡು ಪೆಡಸಾಗುತ್ತದೆ. ಅದಕ್ಕಾಗಿಯೇ ಅದನ್ನು ಆರ್ಗಾನ್ ಅನಿಲದ ರಕ್ಷಣೆಯಲ್ಲಿ ಬೆಸೆಯಬೇಕು. ಬೆಸುಗೆ ಬೆಳ್ಳಿಯ ಬಣ್ಣದಲ್ಲಿದ್ದರೆ ಒಳ್ಳೆಯ ಲಕ್ಷಣ. ಕಡುನೀಲಿಯೋ ಬೂದಿಯೋ ಆಗಿದ್ದರೆ ಕೈಬಿಡಿ. ಅಗ್ಗದ ಟೈಟಾನಿಯಮ್ಮಿಗಿಂತ ಒಳ್ಳೆಯ ಉಕ್ಕು ಯಾವಾಗಲೂ ಮೇಲು, ಏಕೆಂದರೆ ಉಕ್ಕನ್ನು ದುರಸ್ತಿ ಮಾಡಬಲ್ಲವರು ಹೆಚ್ಚು.

‘ಇದು ಹಣವಂತರ ಮಾತಲ್ಲವೆ?’ ಎಂದು ಕೇಳುವವರಿದ್ದಾರೆ. ಆಕ್ಷೇಪ ನ್ಯಾಯವಾದದ್ದು, ಉತ್ತರವೂ ಇದೆ. ಮೂರು ಸಾವಿರ ಪೌಂಡಿನ ಸೈಕಲ್ಲನ್ನು ಇಪ್ಪತ್ತು ವರ್ಷ ತುಳಿದರೆ ವರ್ಷಕ್ಕೆ ನೂರೈವತ್ತು. ಅಷ್ಟೇ ಬೆಲೆಯದನ್ನು ನಾಲ್ಕು ವರ್ಷಕ್ಕೆ ಬದಲಿಸಿದರೆ, ಮಾರಿದ ಹಣ ಕಳೆದರೂ, ಅದರ ಹಲವು ಪಟ್ಟು. ಚೈನು, ಟೈರು, ಗೇರುಗಳು ಯಾವ ಸೈಕಲ್ಲಿನಲ್ಲೂ ಸವೆಯುತ್ತವೆ, ಉಳಿಯಬೇಕಾದದ್ದು ಫ್ರೇಮು. ಉದ್ಯೋಗಿಗಳಿಗೆ 1999ರಿಂದಲೂ ‘ಸೈಕಲ್ ಟು ವರ್ಕ್’ ಯೋಜನೆಯಿದೆ. ತೆರಿಗೆಗೆ ಮುನ್ನವೇ ಸಂಬಳದಿಂದ ಕಂತು ಕಳೆಯುತ್ತಾರೆ. ನಿಮ್ಮ ಸಂಸ್ಥೆಯ ಮಿತಿಯೆಷ್ಟೆಂದು ವಿಚಾರಿಸಿ. ಅದೂ ಆಗದಿದ್ದರೆ ಹಳೆಯ 531 ಉಕ್ಕಿನ ಸೈಕಲ್ ಕೆಲವು ನೂರು ಪೌಂಡಿಗೆ ದೊರೆಯುತ್ತದೆ. ಅದನ್ನು ತುಳಿದು ಬರುವವರನ್ನು ನಮ್ಮ ಬಳಗ ಎದ್ದು ನಿಂತು ಗೌರವಿಸಬೇಕು.

ಇನ್ನೊಂದು ಎಚ್ಚರಿಕೆ, ಟೈಟಾನಿಯಂ ಕೊಂಡವರಿಗೆ. ಅದನ್ನು ಬೈಠಕ್‌ಖಾನೆಯ ಗೋಡೆಗೆ ನೇತುಹಾಕಬೇಡಿ. ತುಕ್ಕು ಹಿಡಿಯದ ಸೈಕಲ್ ಕೊಂಡು ಮಳೆಗೆ ಹೆದರುವುದಾದರೆ ಕೊಂಡದ್ದೇಕೆ? ನವೆಂಬರಿನ ಮಂಜಿನಲ್ಲೂ ಹೊರಡಿ. ಮರಳಿ ಬಂದು ಸೀಟಿನಿಂದ ಚೈನಿನವರೆಗೆ ತೊಳೆದು ಒರೆಸಿ, ಚೈನಿಗೆ ಎಣ್ಣೆ ಬಿಡಿ. ವರ್ಷಕ್ಕೆರಡು ಬಾರಿ ಸೀಟ್ ಪೋಸ್ಟನ್ನು ಹೊರತೆಗೆದು ತಕ್ಕ ಪೇಸ್ಟ್ ಹಚ್ಚಿ ಕೂರಿಸಿ. ಇಲ್ಲವಾದರೆ ಅಲ್ಯುಮಿನಿಯಂ ಪೋಸ್ಟು ಟೈಟಾನಿಯಂ ಕೊಳವೆಯೊಳಗೆ ಕಚ್ಚಿಕೊಂಡು ಹೊರಬರುವುದೇ ಇಲ್ಲ.

ಬಾಳುವ ವಸ್ತುವನ್ನು ಆರಿಸುವುದು ನಮಗೆ ಯಾರೂ ಹೊಸದಾಗಿ ಕಲಿಸಬೇಕಾದ ವಿದ್ಯೆಯಲ್ಲ. ಹೆಸರು ಕೊರೆಸಿದ ಸ್ಟೀಲ್ ಪಾತ್ರೆಗಳನ್ನು ಮಗಳ ಮದುವೆಗೆ ಕೊಟ್ಟು, ಅವು ಮೊಮ್ಮಗಳ ಅಡುಗೆಮನೆಯಲ್ಲೂ ಬಳಕೆಯಾಗುವುದನ್ನು ಕಂಡ ಮನೆತನಗಳು ನಮ್ಮವು. ಅಂಥ ಡಬ್ಬಿಗಳನ್ನು ಸೂಟ್‌ಕೇಸಿನಲ್ಲಿ ಹೊತ್ತು ತಂದು ಈ ನಾಡಿನಲ್ಲಿ ಇಪ್ಪತ್ತು, ಮೂವತ್ತು ವರ್ಷ ಬಳಸಿದವರು, ಸೈಕಲ್ಲಿನ ಅಂಗಡಿಗೆ ಕಾಲಿಟ್ಟೊಡನೆ ಆ ವಿವೇಕವನ್ನು ಬಾಗಿಲಾಚೆ ಬಿಡುವುದೇಕೆ? ಮುಂದಿನ ಭಾನುವಾರದ ಸವಾರಿಗೆ ಹೊಸಬರು ಬಂದಾಗ ಅವರ ಸೈಕಲ್ಲನ್ನು ಎತ್ತಿ ತೂಗದಿರಿ. ‘ಎಷ್ಟು ದೂರ ಹೋಗೋಣ?’ ಎಂದಷ್ಟೇ ಕೇಳಿರಿ.