ಕೋಡ್ ಕೂಡ ಬಿತ್ತನೆ ಬೀಜದ ಹಾಗೆ

ರೇಷನ್ ಅಂಗಡಿಯಲ್ಲೋ ನಾಡಕಚೇರಿಯಲ್ಲೋ ‘ಸರ್ವರ್ ಡೌನ್’ ಅಂದರೆ ನಾವು ತಿರುಗಿ ಮಾತಾಡದೆ ಮನೆಗೆ ಬರುತ್ತೇವೆ. ಆ ತಂತ್ರಾಂಶದ ಒಳಗೆ ಏನಿದೆ, ಕೆಟ್ಟರೆ ಸರಿಮಾಡುವ ಹಕ್ಕು ಯಾರಿಗಿದೆ ಎಂದು ಕೇಳುವುದಿಲ್ಲ. ನಲವತ್ತು ವರ್ಷಗಳಿಂದ ಇದನ್ನೇ ಕೇಳುತ್ತಾ ಬಂದವರು ಅಮೆರಿಕದ ರಿಚರ್ಡ್ ಸ್ಟಾಲ್‌ಮನ್.

1953ರಲ್ಲಿ ನ್ಯೂಯಾರ್ಕ್‌ನಲ್ಲಿ ಹುಟ್ಟಿದ ಸ್ಟಾಲ್‌ಮನ್ ಎಂಐಟಿಯ ಪ್ರಯೋಗಾಲಯದಲ್ಲಿ ಪ್ರೋಗ್ರಾಮರ್ ಆಗಿದ್ದರು. ಅಲ್ಲಿನ ಹಳೆಯ ಪ್ರಿಂಟರ್‌ನಲ್ಲಿ ಕಾಗದ ಸಿಕ್ಕಿಕೊಂಡರೆ ಮುದ್ರಣಕ್ಕೆ ಕಾಯುತ್ತಿದ್ದ ಎಲ್ಲರಿಗೂ ಸುದ್ದಿ ಹೋಗುವಂತೆ ಅವರೇ ಕೋಡ್ ತಿದ್ದಿದ್ದರು. ಹೊಸ ಪ್ರಿಂಟರ್ ಬಂದಾಗ ಅದರ ಕೋಡ್ ಸಿಗಲಿಲ್ಲ. ಕೋಡ್ ಇದ್ದ ಇನ್ನೊಂದು ವಿಶ್ವವಿದ್ಯಾಲಯದ ಸಂಶೋಧಕರನ್ನು ಕೇಳಿದರೆ, ‘ಕೊಡುವುದಿಲ್ಲವೆಂದು ಒಪ್ಪಂದಕ್ಕೆ ಸಹಿ ಹಾಕಿದ್ದೇನೆ’ ಎಂಬ ಉತ್ತರ ಬಂತು.

1983ರಲ್ಲಿ ಸ್ಟಾಲ್‌ಮನ್ ‘ಗ್ನೂ’ ಯೋಜನೆ ಘೋಷಿಸಿದರು. ಮರುವರ್ಷ ನೌಕರಿ ಬಿಟ್ಟರು. 1985ರಲ್ಲಿ ‘ಗ್ನೂ ಮ್ಯಾನಿಫೆಸ್ಟೊ’ ಬರೆದು, ಅದೇ ವರ್ಷ ಫ್ರೀ ಸಾಫ್ಟ್‌ವೇರ್ ಫೌಂಡೇಶನ್ ಕಟ್ಟಿದರು. ಅವರು ಹೇಳುವ ‘ಫ್ರೀ’ ಎಂದರೆ ಪುಕ್ಕಟೆ ಅಲ್ಲ, ಸ್ವಾತಂತ್ರ್ಯ. ಬೇಕಾದ ಕೆಲಸಕ್ಕೆ ಬಳಸುವುದು, ಒಳಗೇನಿದೆ ನೋಡಿ ತಿದ್ದುವುದು, ಇತರರಿಗೆ ಹಂಚುವುದು, ತಿದ್ದಿದ್ದನ್ನೂ ಹಂಚುವುದು: ಈ ನಾಲ್ಕೇ.

ರೈತರಿಗೆ ಇದು ಹೊಸದಲ್ಲ. ನಾಟಿ ಬೀಜವನ್ನು ಬಿತ್ತಿ, ಬೆಳೆದು, ಒಳ್ಳೆಯದನ್ನು ಆರಿಸಿ, ಪಕ್ಕದವರಿಗೆ ಕೊಡುತ್ತಿದ್ದೆವು. ಕೊಟ್ಟರೆ ಕಡಿಮೆಯಾಗುತ್ತಿರಲಿಲ್ಲ. 1989ರಲ್ಲಿ ಸ್ಟಾಲ್‌ಮನ್ ಬರೆದ ಜಿಪಿಎಲ್ ಲೈಸೆನ್ಸ್ ಇದನ್ನೇ ಕಾನೂನಿನ ಮಾತಿನಲ್ಲಿ ಹೇಳಿತು: ಪಡೆದುಕೊಂಡವರು ತಿದ್ದಿ ಹಂಚುವಾಗ ಅದೇ ಹಕ್ಕನ್ನು ಮುಂದಿನವರಿಗೂ ಕೊಡಬೇಕು. ನಿಮ್ಮ ಆಂಡ್ರಾಯ್ಡ್ ಫೋನಿನ ತಳಪಾಯವಾದ ಲಿನಕ್ಸ್ ಈ ಲೈಸೆನ್ಸಿನಲ್ಲೇ ಇದೆ. ಕನ್ನಡ ವಿಕಿಪೀಡಿಯ ಮೊದಲ ವರ್ಷಗಳಲ್ಲಿ ನಡೆದದ್ದೂ ಗ್ನೂ ಲೈಸೆನ್ಸಿನ ಅಡಿಯಲ್ಲೇ.

1997ರಲ್ಲಿ ಸ್ಟಾಲ್‌ಮನ್ ಒಂದು ಪುಟ್ಟ ಕಥೆ ಬರೆದರು. ಗೆಳತಿಗೆ ಕಂಪ್ಯೂಟರ್ ಕೊಟ್ಟರೆ ಅವಳು ತನ್ನ ಪುಸ್ತಕಗಳನ್ನು ಓದಿಬಿಡಬಹುದು, ಅದು ಅಪರಾಧವಾಗುತ್ತದೆ ಎಂದು ಹೆದರುವ ವಿದ್ಯಾರ್ಥಿಯ ಕಥೆ. ಆಗ ಅದು ಅತಿಯೆನಿಸಿರಬಹುದು. ಇವತ್ತು ದುಡ್ಡು ಕೊಟ್ಟು ಕೊಂಡ ಎಷ್ಟೋ ಇ-ಪುಸ್ತಕಗಳನ್ನು ಇನ್ನೊಬ್ಬರಿಗೆ ಓದಲು ಕೊಡುವಂತಿಲ್ಲ.

ಸ್ಟಾಲ್‌ಮನ್ ಅವರನ್ನು ಪೂಜೆ ಮಾಡಬೇಕೆಂದು ನಾವು ಹೇಳುತ್ತಿಲ್ಲ. ಲೈಂಗಿಕ ದೌರ್ಜನ್ಯದ ಪ್ರಕರಣವೊಂದರ ಬಗ್ಗೆ ಆಡಿದ ಮಾತಿಗೆ ಭಾರಿ ಟೀಕೆ ಬಂದು, 2019ರಲ್ಲಿ ಅವರು ಎಂಐಟಿಯನ್ನೂ ತಾವೇ ಕಟ್ಟಿದ ಸಂಸ್ಥೆಯ ಅಧ್ಯಕ್ಷಗಿರಿಯನ್ನೂ ಬಿಟ್ಟರು. 2021ರಲ್ಲಿ ಅದರ ಆಡಳಿತ ಮಂಡಳಿಗೆ ಮರಳಿದಾಗಲೂ ವಿರೋಧ ಜೋರಾಗಿತ್ತು. ಆ ಟೀಕೆಯನ್ನು ಮುಚ್ಚಿಡಬಾರದು. ಫೋನು ಜನರ ಬೆನ್ನುಹತ್ತುವ ಯಂತ್ರ ಎನ್ನುವ ಅವರು ಮೊಬೈಲ್ ಇಟ್ಟುಕೊಳ್ಳುವುದಿಲ್ಲ. ಹಳ್ಳಿಯಲ್ಲಿ ಪಿಂಚಣಿಯಿಂದ ಬೆಳೆ ವಿಮೆವರೆಗೆ ಎಲ್ಲವೂ ಫೋನಿಗೇ ಬಂದಿರುವಾಗ ನಮಗೆ ಆ ದಾರಿ ಆಗದು.

ಹಾಗಾಗಿಯೇ ಕೋಡ್ ಮುಕ್ತವಾಗಿರಬೇಕೆಂಬ ಮಾತು ನಮಗೆ ಹೆಚ್ಚು ಬೇಕು. ಪಕ್ಕದ ಕೇರಳ ಸರ್ಕಾರಿ ಶಾಲೆಗಳಲ್ಲಿ ಮುಕ್ತ ತಂತ್ರಾಂಶವನ್ನೇ ಕಲಿಸಿ ತೋರಿಸಿದೆ. ಸರ್ಕಾರಿ ಕೆಲಸದಲ್ಲಿ ಮುಕ್ತ ತಂತ್ರಾಂಶಕ್ಕೆ ಆದ್ಯತೆ ಕೊಡಬೇಕೆಂದು ಕೇಂದ್ರ ಸರ್ಕಾರದ ನೀತಿಯೇ 2015ರಲ್ಲಿ ಹೇಳಿದೆ.

ನಮ್ಮ ಒತ್ತಾಯ ಇಷ್ಟು: ನಮ್ಮ ತೆರಿಗೆ ದುಡ್ಡಿನಲ್ಲಿ ಬರೆಸಿದ ತಂತ್ರಾಂಶದ ಕೋಡ್ ಜನರಿಗೆ ಸಿಗಬೇಕು. ಜನರ ಮಾಹಿತಿ ಗುಟ್ಟಾಗಿರಲಿ, ಕೋಡ್ ಬಯಲಾಗಿರಲಿ. ಅದನ್ನು ನಾವೆಲ್ಲ ಓದಲಾರೆವು, ನಿಜ. ಆದರೆ ತಾಲ್ಲೂಕಿನ ಕಾಲೇಜಿನಲ್ಲಿ ಕಂಪ್ಯೂಟರ್ ಓದುತ್ತಿರುವ ನಿಮ್ಮ ಮಗಳು ಓದಬಲ್ಲಳು, ತಪ್ಪು ಹಿಡಿಯಬಲ್ಲಳು. ಮುಂದಿನ ಗ್ರಾಮಸಭೆಯಲ್ಲಿ ಈ ಮಾತು ಎತ್ತಿ, ನಡಾವಳಿಯಲ್ಲಿ ಬರೆಸಿ.