ಅರವತ್ತೊಂದು ದಿನ, ದಿನಕ್ಕೆ ₹49

ಕರಾವಳಿಗೆ ಪ್ರತ್ಯೇಕ ಪ್ರವಾಸೋದ್ಯಮ ನೀತಿ ಬೇಕು, ಗೋವಾ–ಕೇರಳಗಳಲ್ಲಿ ಆದದ್ದು ಇಲ್ಲೇಕೆ ಆಗಬಾರದು, ಸಿಆರ್‌ಝಡ್ ನಿಯಮ ಸಡಿಲವಾಗಲಿ ಎಂಬ ಮಾತು ಮತ್ತೆ ಕಾವೇರಿದೆ. ಅದನ್ನು ಬೆಂಬಲಿಸಿ ಬರುತ್ತಿರುವ ಬರಹಗಳಲ್ಲಿ ಒಂದು ವಾದ ಮಾತ್ರ ತಪ್ಪದೆ ಇರುತ್ತದೆ: ನಮ್ಮ ಕಡಲತೀರ ಮಳೆಗಾಲವಿಡೀ ಸುಮ್ಮನೆ ಬಿದ್ದಿರುತ್ತದೆ, ಅದನ್ನು ದುಡಿಸಿಕೊಳ್ಳಬೇಕು. ಹೆದ್ದಾರಿ 66ರಲ್ಲಿ ಹೋಗುವಾಗ ಮರವಂತೆಯ ಜುಲೈ ತಿಂಗಳ ಅಲೆಗಳನ್ನು ಕಾರಿನೊಳಗಿಂದ ಕಂಡವರಿಗೆ ಹಾಗೆ ಅನ್ನಿಸಿದರೆ ಆಶ್ಚರ್ಯವಿಲ್ಲ. ಆದರೆ ನೀತಿ ಬರೆಯುವವರಿಗೂ ಹಾಗೇ ಅನ್ನಿಸಿದರೆ ಸುಮ್ಮನಿರಲಾಗದು. ಮಳೆಗಾಲದ ಕಡಲತೀರ ತಾನಾಗಿ ಖಾಲಿ ಬಿದ್ದದ್ದಲ್ಲ. ಅಲ್ಲಿನ ಕಸುಬಿನ ದೊಡ್ಡ ಪಾಲನ್ನು ಸರ್ಕಾರವೇ ಆದೇಶ ಹೊರಡಿಸಿ ನಿಲ್ಲಿಸುತ್ತದೆ. ನಿಲ್ಲಿಸಿದ್ದಕ್ಕೆ ಅದು ತನ್ನ ಬೊಕ್ಕಸದಿಂದ ಕೊಡುವುದು ದಿನಕ್ಕೆ ₹49. ಈ ಅಂಕಿಯನ್ನು ಮುಟ್ಟದ ಯಾವ ಕರಾವಳಿ ನೀತಿಯೂ, ಅದರ ಮುಖಪುಟದಲ್ಲಿ ಎಷ್ಟೇ ಚೆಂದದ ಸೂರ್ಯಾಸ್ತ ಇರಲಿ, ಕಡಲತೀರದಲ್ಲಿ ಬದುಕುವವರ ನೀತಿಯಲ್ಲ.

ಲೆಕ್ಕ ಕಷ್ಟದ್ದಲ್ಲ. ಪಶ್ಚಿಮ ಕರಾವಳಿಯಲ್ಲಿ ಯಾಂತ್ರೀಕೃತ ಮೀನುಗಾರಿಕೆಗೆ ಜೂನ್ 1ರಿಂದ ಜುಲೈ 31ರವರೆಗೆ ನಿಷೇಧ; ಒಟ್ಟು 61 ದಿನ. 2015ಕ್ಕೆ ಮೊದಲು ಕೇಂದ್ರದ ಆದೇಶದಲ್ಲಿ ಇದ್ದದ್ದು 47 ದಿನ. ಮೀನಿಗೆ ಮೊಟ್ಟೆಯಿಡಲು ಇನ್ನಷ್ಟು ಬಿಡುವು ಬೇಕೆಂದು ಎರಡು ವಾರ ಸೇರಿಸಲಾಯಿತು. ಒಳ್ಳೆಯದೇ ಆಯಿತು, ಅದರ ಬಗ್ಗೆ ತಕರಾರಿಲ್ಲ. ತಕರಾರು ಇರುವುದು ಇದರ ಖರ್ಚನ್ನು ಯಾರ ತಲೆಗೆ ಕಟ್ಟಿದ್ದೇವೆ ಎಂಬುದರ ಬಗ್ಗೆ. ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆಯ ಉಳಿತಾಯ–ಪರಿಹಾರ ಚೌಕಟ್ಟಿನಲ್ಲಿ ಮೀನುಗಾರ ಕಸುಬಿನ ತಿಂಗಳುಗಳಲ್ಲಿ ತಾನೇ ₹1,500 ಕೂಡಿಡಬೇಕು. ಕೇಂದ್ರ ಮತ್ತು ರಾಜ್ಯ ಸೇರಿ ₹3,000 ಹಾಕುತ್ತವೆ. ಒಟ್ಟು ₹4,500 ಮೂರು ತಿಂಗಳಲ್ಲಿ ಹಂಚಿ ಕೈಗೆ ಬರುತ್ತದೆ. ಭಾಷಣಗಳಲ್ಲಿ ಕೇಳುವುದು ಯಾವಾಗಲೂ ಈ ₹4,500. ಅದರಲ್ಲಿ ಮೂರನೇ ಒಂದು ಪಾಲು ಅವನದೇ ಹಣ ಎಂಬುದನ್ನು ಯಾರೂ ಹೇಳುವುದಿಲ್ಲ. ಸರ್ಕಾರಗಳ ₹3,000ವನ್ನು 61ರಿಂದ ಭಾಗಿಸಿದರೆ ಬರುವುದು ₹49. ರಾಜ್ಯ ತನ್ನ ಪಾಲಿಗೆ ಇನ್ನೊಂದು ₹1,500 ಸೇರಿಸಿತು ಎಂದೇ ಇಟ್ಟುಕೊಂಡರೂ ಅದು ₹74ಕ್ಕೆ ನಿಲ್ಲುತ್ತದೆ. ಇದೇ ರಾಜ್ಯದಲ್ಲಿ 2025–26ರಲ್ಲಿ ಉದ್ಯೋಗ ಖಾತ್ರಿಯ ದಿನಗೂಲಿ ₹370. ಕೆಲಸ ಸಿಗಲಿಲ್ಲ ಎಂದು ಬಂದವನ ಒಂದು ದಿನಕ್ಕೆ ಆ ಬೆಲೆ. ಇದ್ದ ಕೆಲಸವನ್ನು ಸರ್ಕಾರದ ಮಾತಿಗೆ ಬಿಟ್ಟು ಕುಳಿತವನ ಒಂದು ದಿನಕ್ಕೆ ಅದರ ಏಳರಲ್ಲಿ ಒಂದು ಪಾಲೂ ಇಲ್ಲ.

ಹಣ ಎಲ್ಲಿದೆ ಎಂದು ಕೇಳುವವರು ಪಕ್ಕದ ಮನೆಯ ಕಡೆ ಒಮ್ಮೆ ಇಣುಕಲಿ. ಪೂರ್ವ ಕರಾವಳಿಯ ನಿಷೇಧವೂ 61 ದಿನಗಳದ್ದೇ, ಏಪ್ರಿಲ್ 15ರಿಂದ ಜೂನ್ 14. ಆಂಧ್ರಪ್ರದೇಶ ಈ ಅವಧಿಗೆ ಒಂದು ಕಾಲಕ್ಕೆ ₹4,000 ಕೊಡುತ್ತಿತ್ತು. 2019ರಲ್ಲಿ ಅದನ್ನು ₹10,000ಕ್ಕೆ, 2025ರಲ್ಲಿ ₹20,000ಕ್ಕೆ ಏರಿಸಿತು. ಸರ್ಕಾರ ಬದಲಾಯಿತು, ಪಕ್ಷ ಬದಲಾಯಿತು, ಯೋಜನೆಯ ಹೆಸರೂ ಬದಲಾಯಿತು. ಅಂಕಿ ಮಾತ್ರ ಮೇಲಕ್ಕೇ ಹೋಯಿತು. ದಿನದ ಲೆಕ್ಕದಲ್ಲಿ ಅದು ₹328. ತಮಿಳುನಾಡು ಕುಟುಂಬಕ್ಕೆ ₹8,000 ಕೊಡುತ್ತದೆ. ಇನ್ನು ನಮ್ಮ ಹೊರೆ ಎಷ್ಟು? ಕೇಂದ್ರೀಯ ಕಡಲ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ 2010ರ ಗಣತಿಯ ಪ್ರಕಾರ ಕರ್ನಾಟಕದ 144 ಕಡಲ ಮೀನುಗಾರ ಹಳ್ಳಿಗಳಲ್ಲಿದ್ದ ಮೀನುಗಾರ ಕುಟುಂಬಗಳು 30,713. ಅಷ್ಟಕ್ಕೂ ಆಂಧ್ರದ ದರದಲ್ಲಿ ಕೊಟ್ಟರೆ ₹61.43 ಕೋಟಿ. ಈಗ ಕುಟುಂಬಗಳು 40,000 ಆಗಿವೆ ಎಂದುಕೊಳ್ಳಿ, ₹80 ಕೋಟಿ. ರಾಜ್ಯದ 2025–26ರ ಬಜೆಟ್ ₹4.09 ಲಕ್ಷ ಕೋಟಿಯದು. ಆಂಧ್ರ ಸುಮಾರು 1.29 ಲಕ್ಷ ಕುಟುಂಬಗಳಿಗೆ ₹258 ಕೋಟಿ ಕೊಡಲು ಸಾಧ್ಯವಾದರೆ, ಅದರ ನಾಲ್ಕನೇ ಒಂದು ಭಾಗದಷ್ಟು ಕುಟುಂಬಗಳಿರುವ ಕರ್ನಾಟಕಕ್ಕೆ ಅದು ಸಾಧ್ಯವಿಲ್ಲ ಎಂಬುದನ್ನು ನಂಬುವುದು ಕಷ್ಟ. ನಮ್ಮಲ್ಲಿ ಕೊರತೆ ಇರುವುದು ಹಣಕ್ಕಲ್ಲ. ಈ ಹಳ್ಳಿಗಳು ಮೂರು ಜಿಲ್ಲೆಗಳಲ್ಲಿ ಒಂದು ಸಪೂರ ಪಟ್ಟಿಯಂತೆ ಹಬ್ಬಿಕೊಂಡಿವೆ, ಯಾವ ಕ್ಷೇತ್ರದಲ್ಲೂ ಗುಡುಗುವಷ್ಟು ಮತವಿಲ್ಲ.

61 ಎಂಬ ಅಂಕಿಯೂ ಪೂರ್ತಿ ನಿಜ ಹೇಳುವುದಿಲ್ಲ. ಆದೇಶ ಜುಲೈ 31ಕ್ಕೆ ಮುಗಿಯುತ್ತದೆ, ಕಡಲು ಮುಗಿಸುವುದಿಲ್ಲ. ಅಬ್ಬರ ಇಳಿಯದೆ ಎಷ್ಟೋ ಬೋಟುಗಳು ದಕ್ಕೆಯಲ್ಲೇ ಉಳಿಯುತ್ತವೆ. ನೂಲಹುಣ್ಣಿಮೆಗೆ ಸಮುದ್ರ ಪೂಜೆ ಮಾಡಿ, ಹಾಲೆರೆದು, ತೆಂಗಿನಕಾಯಿ ಬಿಟ್ಟ ಮೇಲೆಯೇ ಕಸುಬಿಗೆ ಇಳಿಯುವ ಪದ್ಧತಿ ಭಕ್ತಿಯಷ್ಟೇ ಹವಾಮಾನ ಜ್ಞಾನವೂ ಹೌದು. ಆಟಿಯನ್ನು ತುಳುವರು ಕಷ್ಟದ ತಿಂಗಳೆಂದು ಕರೆದದ್ದು ಸುಮ್ಮನೆ ಅಲ್ಲ. ಅದಕ್ಕಿಂತ ದೊಡ್ಡ ಬದಲಾವಣೆ ನಿಷೇಧದ ಆಚೆಗಿನ ತಿಂಗಳುಗಳಲ್ಲಿ ಆಗುತ್ತಿದೆ. 2019ರಲ್ಲಿ ಅರಬ್ಬಿ ಸಮುದ್ರ ಐದು ಚಂಡಮಾರುತಗಳನ್ನು ಕಂಡಿತು. ಕ್ಯಾರ್ ಮತ್ತು ಮಹಾ ಬಂದದ್ದು ಒಂದರ ಬೆನ್ನಿಗೊಂದು, ಅಕ್ಟೋಬರ್ ಕೊನೆಯಲ್ಲಿ, ಅಂದರೆ ಕಸುಬು ಕೈಗೆ ಹತ್ತುವ ಹೊತ್ತಿನಲ್ಲಿ. 2017ರ ಒಖಿ ನವೆಂಬರ್ ಕೊನೆಯದು. 2021ರ ತೌಕ್ತೆ ಮೇ ತಿಂಗಳಲ್ಲಿ, ನಿಷೇಧಕ್ಕೆ ಮುಂಚಿನ ಕೊನೆಯ ದುಡಿಮೆಯ ವಾರಗಳನ್ನು ನುಂಗಿತು. 2023ರ ಬಿಪೊರ್‌ಜಾಯ್ ಜೂನ್‌ನಲ್ಲಿ ಬಂದು ನಾಡದೋಣಿಗಳನ್ನು ತಡೆಯಿತು. 'ಮೀನುಗಾರರು ಕಡಲಿಗಿಳಿಯಬಾರದು' ಎಂಬ ಪ್ರತಿ ಮುನ್ನೆಚ್ಚರಿಕೆಯೂ ಒಂದು ದಿನದ ನಿಷೇಧವೇ, ಅದಕ್ಕೆ ₹49 ಕೂಡ ಇಲ್ಲ. ನಮ್ಮ ಕಡತಗಳಲ್ಲಿ ಋತುಗಳು ಇನ್ನೂ ಹಳೆಯ ಪಂಚಾಂಗದಂತೆ ನಡೆಯುತ್ತಿವೆ. ಕಡಲು ಆ ಪಂಚಾಂಗವನ್ನು ಯಾವತ್ತೋ ಬಿಟ್ಟಿದೆ.

ನಾಡದೋಣಿಗಳಿಗೆ ವಿನಾಯಿತಿ ಇದೆಯಲ್ಲ ಎಂಬುದು ಸಿದ್ಧ ಉತ್ತರ. ಇದೆ, 10 ಅಶ್ವಶಕ್ತಿಯವರೆಗಿನ ಎಂಜಿನ್ನಿಗೆ. ಮಳೆಗಾಲದ ನಾಡದೋಣಿ ಮೀನುಗಾರಿಕೆಯೇ ಈ ತೀರದ ನಿಜವಾದ ಹಬ್ಬ ಎಂಬುದನ್ನೂ ಒಪ್ಪೋಣ. ಮೊದಲ ತೂಫಾನ್ ಎದ್ದು, ಕಡಲಡಿಯ ಕೆಸರು ಕದಡಿ, ನೀರು ಬಣ್ಣ ತಿರುಗಿದ ಮೇಲೆ ಸಿಗಡಿ ದಡದ ಹತ್ತಿರ ಬರುತ್ತದೆ. ಬಂಗುಡೆ, ಬೂತಾಯಿ ಬಿದ್ದರೆ ಒಂದೇ ಬೆಳಿಗ್ಗೆ ಊರಿಗೆ ಊರೇ ಹೊಯ್ಗೆಯ ಮೇಲೆ ಇರುತ್ತದೆ. ಸುಮ್ಮನೆ ಬಿದ್ದಿದೆ ಎನ್ನುವವರು ನೋಡಬೇಕಾದದ್ದು ಆ ಬೆಳಿಗ್ಗೆಯನ್ನು. ಆದರೆ ತೂಫಾನ್ ಏಳದೆ ಮೀನಿಲ್ಲ, ಎದ್ದ ಮೇಲೆ ಕಡಲು ಇಳಿಯದೆ ದೋಣಿ ಇಲ್ಲ. ಈ ಎರಡರ ನಡುವೆ ಸಿಗುವ ದಿನಗಳು ಬೆರಳೆಣಿಕೆಯವು. ಅಳಿವೆ ದಾಟುವಾಗ, ಅಲೆ ಕಡಿಯುವಾಗ ದೋಣಿ ಮಗುಚಿದ ಸುದ್ದಿ ಪ್ರತಿ ಮಳೆಗಾಲವೂ ಬರುತ್ತದೆ. ಪ್ರಾಣಾಪಾಯದ ನಡುವೆ ಸಿಗುವ ಕೆಲವು ದಿನಗಳ ಅವಕಾಶವನ್ನು ಆದಾಯವೆಂದು ಕರೆದು ಪರಿಹಾರದ ಲೆಕ್ಕದಿಂದ ಕಳೆಯುವುದು ಕಚೇರಿಯಲ್ಲಿ ಕೂತು ಮಾಡುವ ಗಣಿತ. ಮೇಲಾಗಿ ಟ್ರಾಲ್‌ಬೋಟಿನಲ್ಲಿ, ಪರ್ಸೀನ್‌ನಲ್ಲಿ ದುಡಿಯುವವರೆಲ್ಲರಿಗೂ ನಾಡದೋಣಿಯಲ್ಲಿ ಜಾಗವಿಲ್ಲ. ಒಡಿಶಾ, ಜಾರ್ಖಂಡ್‌ಗಳಿಂದ ಬಂದ ಕೈಗಳು ಮೇ ಕೊನೆಗೆ ರೈಲು ಹತ್ತುತ್ತವೆ, ಯಾರ ರಿಜಿಸ್ಟರಿನಲ್ಲೂ ಅವರಿಲ್ಲ. ಬುಟ್ಟಿ ಹೊತ್ತು ಮೀನು ಮಾರುವ ಹೆಂಗಸರಿಗೆ ಯಾವ ಆದೇಶವೂ ನಿಷೇಧ ಹೇರಿಲ್ಲ. ದಕ್ಕೆಗೆ ಬೋಟು ಬರದಿದ್ದರೆ ಬುಟ್ಟಿಗೆ ಮೀನೂ ಬರುವುದಿಲ್ಲ, ಅಷ್ಟೆ. ಜೂನ್ ಮಧ್ಯದಲ್ಲಿ ಪೂರ್ವ ಕರಾವಳಿ ತೆರೆದುಕೊಂಡ ಮೇಲೆ ಅಲ್ಲಿಂದ ಲಾರಿಯಲ್ಲಿ ಬರುವ ಮೀನನ್ನು ದುಬಾರಿ ಬೆಲೆಗೆ ಕೊಂಡು ಮಾರಬೇಕು, ಇಲ್ಲವೇ ಬೇಸಿಗೆಯಲ್ಲಿ ಕೂಡಿಟ್ಟ ಒಣಮೀನನ್ನು ನಂಬಬೇಕು.

ಈಗ ಪ್ರವಾಸೋದ್ಯಮದವರ ಮುಖ್ಯ ವಾದಕ್ಕೆ ಬರೋಣ. ಮೀನುಗಾರಿಕೆ ಇಲ್ಲದ ತಿಂಗಳುಗಳಲ್ಲಿ ಪ್ರವಾಸಿಗರಿಂದ ಪರ್ಯಾಯ ಆದಾಯ ಬರುತ್ತದೆ ಎನ್ನುತ್ತಾರೆ. ಕೇಳಲು ಎಷ್ಟು ಸರಳವಾಗಿದೆಯೋ ನಿಜದಿಂದ ಅಷ್ಟೇ ದೂರ. ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗುವ ಪ್ರವಾಸಿ ಬೋಟು ಮೇ ಮಧ್ಯದ ಹೊತ್ತಿಗೆ ನಿಂತು ಮತ್ತೆ ಶುರುವಾಗುವುದು ಸೆಪ್ಟೆಂಬರ್‌ನಲ್ಲಿ. ಜಲಕ್ರೀಡೆಗಳು ಬಂದ್. ಮಲ್ಪೆಯ ತೀರದುದ್ದಕ್ಕೂ ಜನ ನೀರಿಗೆ ಇಳಿಯದಂತೆ ಬಲೆ ಕಟ್ಟುತ್ತಾರೆ. ಅಂದರೆ ಪ್ರವಾಸಿಯ ಬಾಗಿಲು ಮೀನುಗಾರನ ಬಾಗಿಲಿಗಿಂತ ಮೊದಲೇ ಮುಚ್ಚಿ ಅದಕ್ಕಿಂತ ತಡವಾಗಿ ತೆರೆಯುತ್ತದೆ. ಎರಡಕ್ಕೂ ಯಜಮಾನ ಒಬ್ಬನೇ, ಮಳೆಗಾಲದ ಕಡಲು. ಬೋಟಿನಿಂದ ಇಳಿಸಿದ ಹುಡುಗನನ್ನು ಜೆಟ್‌ಸ್ಕೀ ಮೇಲೆ ಹತ್ತಿಸಿದರೆ ಅವನ ಖಾಲಿ ತಿಂಗಳು ಎರಡರಿಂದ ನಾಲ್ಕಕ್ಕೆ ಏರುತ್ತದೆ. ಹೋಮ್‌ಸ್ಟೇ, ಹೋಟೆಲು ಮಳೆಯಲ್ಲೂ ನಡೆದಾವು, ನಿಜ. ಆದರೆ ಅದು ಜಾಗವಿದ್ದವರ, ಸಾಲ ಎತ್ತಬಲ್ಲವರ ಆದಾಯ, ಬಲೆ ಹೊಲಿಯುವವರದ್ದಲ್ಲ. ಪ್ರವಾಸೋದ್ಯಮ ಬೇಡವೆಂದು ಯಾರೂ ಹೇಳುತ್ತಿಲ್ಲ. ಅದು ತುಂಬದ ಹಳ್ಳವನ್ನು ತುಂಬುತ್ತದೆ ಎಂದು ಹೇಳಿ ₹49ರ ಪ್ರಶ್ನೆಯನ್ನು ಮುಂದೂಡಬೇಡಿ.

ಮಳೆ ಬಿಟ್ಟ ಮೇಲೂ ಆ ಹೊಯ್ಗೆಗೆ ಬಿಡುವಿಲ್ಲ. ಹೊನ್ನಾವರದ ಕಾಸರಕೋಡು ಇದಕ್ಕೆ ಒಳ್ಳೆಯ ಉದಾಹರಣೆ. ಅಲ್ಲಿನ ಬೀಚಿಗೆ 2020ರಲ್ಲಿ ಪಡುಬಿದ್ರಿಯ ಜೊತೆಗೇ ಬ್ಲೂ ಫ್ಲ್ಯಾಗ್ ಬಂತು. ಅದೇ ಊರಿನ ಟೊಂಕದಲ್ಲಿ ಮೀನು ಒಣಗಿಸುವ ಅಂಗಳಗಳಿವೆ, ಖಾಸಗಿ ಬಂದರಿನ ವಿವಾದವಿದೆ, ಕಡಲಾಮೆ ಮೊಟ್ಟೆಯಿಡುವ ಮರಳೂ ಇದೆ. ಮೀನು ಒಣಗುವುದು ಬಿಸಿಲಿನ ತಿಂಗಳುಗಳಲ್ಲಿ, ಪ್ರವಾಸಿ ಬರುವುದೂ ಆಗಲೇ, ಆಮೆ ಬರುವುದೂ ಆಗಲೇ. ಕೈರಂಪಣಿ ಎಳೆಯುವವರಿಗೂ ಬಯಲಾದ ಉದ್ದನೆಯ ತೀರ ಬೇಕು. 2019ರ ಸಿಆರ್‌ಝಡ್ ಅಧಿಸೂಚನೆ ತಾತ್ಕಾಲಿಕ ಶ್ಯಾಕ್, ಬಟ್ಟೆ ಬದಲಿಸುವ ಕೋಣೆ ಇತ್ಯಾದಿಗಳಿಗೆ ಉಬ್ಬರದ ಗೆರೆಯಿಂದ 10 ಮೀಟರ್ ಬಿಟ್ಟರೆ ಸಾಕು ಎನ್ನುತ್ತದೆ. ಆ ಹತ್ತು ಮೀಟರಿನಾಚೆಗೇ ದೋಣಿಗಳನ್ನು ಎಳೆದು ಹಾಕುವುದು, ಬಲೆ ಹರಡುವುದು. ನಿಯಮ ಈಗಾಗಲೇ ಎಷ್ಟು ಸಡಿಲವಿದೆ ಎಂಬುದನ್ನು ಹೇಳದೆ ಇನ್ನಷ್ಟು ಸಡಿಲಿಸಿ ಎನ್ನುವವರ ನೆನಪಿಗೆ ಇನ್ನೊಂದು ಅಂಕಿ: 1990ರಿಂದ 2018ರ ನಡುವಿನ ರಾಷ್ಟ್ರೀಯ ಅಧ್ಯಯನದ ಪ್ರಕಾರ ಕರ್ನಾಟಕದ ತೀರದ ಶೇಕಡಾ 23.7 ಭಾಗ ಕೊರೆತಕ್ಕೆ ಒಳಗಾಗಿದೆ. ಕಾಲು ಭಾಗ ಕರಗುತ್ತಿರುವ ಜಾಗಕ್ಕೆ ಹೊಸ ಪಾಲುದಾರರನ್ನು ಕರೆಯುವಾಗ ಹಳೆಯ ಪಾಲುದಾರರ ಹೆಸರು ಕನಿಷ್ಠ ಕಾಗದದಲ್ಲಾದರೂ ಇರಬೇಕು.

ನಿಷೇಧದಿಂದ ಲಾಭ ಮೀನುಗಾರನಿಗೇ, ಹಾಗಿರುವಾಗ ಪರಿಹಾರ ಏಕೆ ಎಂಬ ಆಕ್ಷೇಪ ಉಳಿದವುಗಳಿಗಿಂತ ಗಟ್ಟಿಯಾದದ್ದು. ಬೂತಾಯಿ ಮರಿ ಉಳಿದರೆ ನಾಳೆ ಬಲೆ ತುಂಬುವುದು ಅವನದೇ. ಆದರೆ ಬಲೆ ತುಂಬಿದಾಗ ಅಗ್ಗವಾಗಿ ಮೀನು ತಿನ್ನುವವರು, ಫಿಶ್‌ಮೀಲ್ ಕಾರ್ಖಾನೆಯವರು, ರಫ್ತುದಾರರು ಎಲ್ಲರೂ ಆ ಲಾಭದ ಪಾಲುದಾರರು. ಉಪವಾಸದ ಪಾಲು ಮಾತ್ರ ಒಬ್ಬನದು. ನಿಷೇಧವನ್ನು ಮುರಿಯುವ, ಬೆಳಕು ಹಾಯಿಸಿ ಹಿಡಿಯುವ, ಬುಲ್‌ಟ್ರಾಲ್ ಎಳೆಯುವ ದೊಡ್ಡ ಬೋಟುಗಳ ಲಾಭವಂತೂ ಬೇರೆಯೇ ಲೆಕ್ಕ. 1970ರ ದಶಕದ ಕೊನೆಯಲ್ಲಿ ಪರ್ಸೀನ್ ಬಂದಾಗ ಊರಿಡೀ ಸೇರಿ ಎಳೆಯುತ್ತಿದ್ದ ರಂಪಣಿ ಕೆಲವೇ ವರ್ಷಗಳಲ್ಲಿ ಮೂಲೆ ಸೇರಿತು. ಆಗಲೂ ಒಟ್ಟು ಹಿಡುವಳಿ ಹೆಚ್ಚಿತು ಎಂದು ಅಂಕಿ ತೋರಿಸಲಾಯಿತು, ಹೆಚ್ಚಿದ್ದು ಯಾರ ಮನೆಗೆ ಹೋಯಿತು ಎಂದು ಯಾರೂ ಲೆಕ್ಕ ಹಾಕಲಿಲ್ಲ. ಇನ್ನು ಗೃಹಲಕ್ಷ್ಮಿ ಇದೆಯಲ್ಲ ಎನ್ನುವವರು ತಮ್ಮ ಮಾತನ್ನು ತಾವೇ ಒಮ್ಮೆ ಕೇಳಿಸಿಕೊಳ್ಳಲಿ. ಕಸುಬು ನಿಲ್ಲಿಸದ ಮನೆಗೂ ತಿಂಗಳಿಗೆ ₹2,000 ಹೋಗುತ್ತದೆ. ಸರ್ಕಾರದ ಆದೇಶದಿಂದ ಕಸುಬು ನಿಲ್ಲಿಸಿದ ಮನೆಗೆ, ಅದಕ್ಕೆಂದೇ ಸಿಗುವುದು ಇಡೀ ಅವಧಿಗೆ ₹3,000.

ಆದ್ದರಿಂದ ಬೇಡಿಕೆ ಸರಳವಾಗಿಯೇ ಇರಲಿ. ಪರಿಹಾರವನ್ನು ಬಜೆಟ್ ಭಾಷಣದ ಉದಾರತೆಗೆ ಬಿಡದೆ ಉದ್ಯೋಗ ಖಾತ್ರಿಯ ದಿನಗೂಲಿಗೆ ಕಟ್ಟಿಹಾಕಿ. ₹370ರಂತೆ 61 ದಿನಕ್ಕೆ ಅದು ₹22,570, ಆಂಧ್ರದ ಮೊತ್ತಕ್ಕಿಂತ ಸ್ವಲ್ಪವೇ ಹೆಚ್ಚು. ಚಂಡಮಾರುತದ ಎಚ್ಚರಿಕೆಯಿಂದ ನಷ್ಟವಾದ ದಿನಗಳನ್ನೂ ಅದೇ ದರದಲ್ಲಿ ಸೇರಿಸಿ. ಮೀನು ಮಾರುವ, ಒಣಗಿಸುವ ಹೆಂಗಸರ ಹೆಸರು ಪಟ್ಟಿಯಲ್ಲಿರಲಿ. ಕರಾವಳಿಯ ಮೂರು ಜಿಲ್ಲೆಗಳ ಶಾಸಕರು ಪಕ್ಷ ಮರೆತು ಒಂದಾಗುವುದು ಸಿಆರ್‌ಝಡ್ ಸಡಿಲಿಕೆಯ ವಿಷಯದಲ್ಲಿ ಮಾತ್ರ. ಪ್ರವಾಸೋದ್ಯಮ ನೀತಿಯ ಕರಡು ಮುಂದಿನ ಸಲ ಸದನದ ಮೇಜಿನ ಮೇಲೆ ಬಂದಾಗ ಅವರಲ್ಲಿ ಒಬ್ಬರಾದರೂ ಎದ್ದು ನಿಂತು ಈ ₹49 ಯಾಕೆ ಎಂದು ಕೇಳಲಿ.