ಬರೆದುಕೊಡಿ ಎಂದು ಕೇಳಲು ನಮಗೇಕೆ ಭಯ?

ನಮ್ಮ ಮೊಹಲ್ಲಾದಲ್ಲಿ ಬೀಡಿ ಕಟ್ಟಿ ಬದುಕುವ ಒಬ್ಬ ಖಾಲಾ ಇದ್ದಾರೆ. ಗಂಡ ಇಲ್ಲ. ಮಗ ಬೆಂಗಳೂರಿನ ಗ್ಯಾರೇಜೊಂದರಲ್ಲಿ ದುಡಿಯುತ್ತಾನೆ. ಜೊತೆಗಿರುವುದು ಪಿಯುಸಿ ಓದುವ ಮೊಮ್ಮಗಳು. ಬೀಡಿಯ ಕೂಲಿ, ಮಗ ಕಳಿಸಿದ್ದು, ಗೃಹಲಕ್ಷ್ಮಿಯ ಹಣ ಎಲ್ಲ ಸೇರಿ ಖಾಲಾ ಖಾತೆಯಲ್ಲಿ 55,000 ರೂಪಾಯಿ ಚಿಲ್ಲರೆ ಕೂಡಿತ್ತು. ಕಳೆದ ವರ್ಷ ಒಂದು ಎರಡನೆಯ ಶನಿವಾರ, ಬ್ಯಾಂಕಿಗೆ ರಜೆ ಇದ್ದ ದಿನ, ಅವರು ಎಟಿಎಂಗೆ ಹೋದರು. ಕಾವಲುಗಾರನಿಲ್ಲದ ಎಟಿಎಂ. ಪರದೆಯ ಮೇಲಿನ ಕನ್ನಡವಾಗಲಿ ಇಂಗ್ಲಿಷಾಗಲಿ ಓದಲು ಬಾರದೆ ತಡಕಾಡುತ್ತಿದ್ದಾಗ ಹಿಂದೆ ನಿಂತಿದ್ದ ಯುವಕನೊಬ್ಬ, "ಕೊಡಿ ಅಮ್ಮಾ, ನಾನ್ ಹಾಕಿಕೊಡ್ತೀನಿ" ಎಂದ. ಕಾರ್ಡ್ ಹಾಕಿದ. ಪಿನ್ ನಂಬರನ್ನು ಖಾಲಾ ತಾವೇ ಒತ್ತಿದರು. ಸಾವಿರ ರೂಪಾಯಿ ಬಂತು. ಯುವಕ ಕಾರ್ಡನ್ನು ಕೈಗಿತ್ತು, ಸಲಾಮ್ ಹೇಳಿ ಹೋದ.

ಅವನು ಕೈಗಿತ್ತದ್ದು ಬೇರೊಂದು ಕಾರ್ಡು. ಅದೇ ಬ್ಯಾಂಕು, ಅದೇ ಬಣ್ಣ; ಮೇಲಿನ ಹೆಸರು ಮಾತ್ರ ಇನ್ಯಾರದೋ. ಹೆಸರು ಓದಲು ಬರುವವರಿಗಷ್ಟೇ ಆ ವ್ಯತ್ಯಾಸ ಕಾಣುತ್ತದೆ.

ಶನಿವಾರ ರಾತ್ರಿ 20,000, ಭಾನುವಾರ 20,000 ಹೋಯಿತು. ಬ್ಯಾಂಕಿನ ಎಸ್ಸೆಮ್ಮೆಸ್ಸುಗಳು ಇಂಗ್ಲಿಷಿನಲ್ಲಿ ಮಗನ ಫೋನಿಗೆ ಬಂದವು. ಅವನು ನೋಡಿದ್ದು ಭಾನುವಾರ ರಾತ್ರಿ. ಸಹಾಯವಾಣಿಗೆ ಫೋನ್ ಮಾಡಿದರೆ ಒಂದು ಒತ್ತಿ, ಎರಡು ಒತ್ತಿ ಎಂದು ಸುತ್ತಿಸಿ ಕೊನೆಗೆ ಕಾರ್ಡಿನ ಹದಿನಾರು ಅಂಕಿಗಳನ್ನು ಕೇಳಿತು. ಕಾರ್ಡೇ ಕಳ್ಳನ ಬಳಿ ಇರುವಾಗ ಅಂಕಿಗಳನ್ನು ತರುವುದೆಲ್ಲಿಂದ?

ಸೋಮವಾರ ಬೆಳಿಗ್ಗೆ ಹತ್ತೂವರೆಗೆ ಅಜ್ಜಿ ಮೊಮ್ಮಗಳು ಬ್ಯಾಂಕಿನಲ್ಲಿದ್ದರು. "ನಂಬರ್ ಯಾರಿಗೆ ಹೇಳಿದ್ರಿ?" ಎಂಬುದು ಅಲ್ಲಿ ಕೇಳಿದ ಮೊದಲ ಪ್ರಶ್ನೆ. ಹುಡುಗಿ ಕನ್ನಡದಲ್ಲಿ ಅರ್ಜಿ ಬರೆದು ಕೊಟ್ಟಳು. ಅದನ್ನು ಹಿಂದಕ್ಕೆ ತಳ್ಳಿ, "ಮೊದಲು ಪೊಲೀಸ್ ಕಂಪ್ಲೇಂಟ್ ತನ್ನಿ, ಆಮೇಲೆ ನೋಡೋಣ" ಎಂದರು. ಠಾಣೆಯಲ್ಲಿ, ಬ್ಯಾಂಕಿನಿಂದ ಸ್ಟೇಟ್‌ಮೆಂಟ್ ತನ್ನಿ ಎಂದರು. ಇವೆರಡು ಬಾಗಿಲುಗಳ ನಡುವೆ ಆ ಬಡವಿ ಓಡಾಡುತ್ತಿದ್ದ ದಿನವೇ ಸಂಜೆ ಉಳಿದ 14,500 ಕೂಡ ಹೋಯಿತು. ಮೊದಲ ನಲವತ್ತು ಸಾವಿರ ಕದ್ದವನು ಆ ಯುವಕ. ಕೊನೆಯ ಹದಿನಾಲ್ಕೂವರೆ ಸಾವಿರ ಹೋಗಲು ಬಿಟ್ಟವರು ಯಾರು?

ಇದನ್ನು ನಾವು ಸಿಟ್ಟಿನಿಂದಷ್ಟೇ ಕೇಳುತ್ತಿಲ್ಲ. ರಿಸರ್ವ್ ಬ್ಯಾಂಕ್ 2017ರ ಜುಲೈ 6ರಂದು ಒಂದು ಸುತ್ತೋಲೆ ಹೊರಡಿಸಿತು. ಗ್ರಾಹಕ ತಾನಾಗಿ ಗುಪ್ತ ಸಂಖ್ಯೆ ಹೇಳಿ ಹಣ ಕಳೆದುಕೊಂಡಿದ್ದರೂ ದೂರು ಕೊಟ್ಟ ನಂತರ ಹೋದ ಹಣದ ಹೊಣೆ ಬ್ಯಾಂಕಿನದು ಎಂದು ಅದರಲ್ಲಿ ಬರೆದಿತ್ತು. ತಪ್ಪು ಬ್ಯಾಂಕಿನದೂ ಅಲ್ಲ, ಗ್ರಾಹಕನದೂ ಅಲ್ಲ ಎಂದಾದಲ್ಲಿ, ಬ್ಯಾಂಕಿನ ಸಂದೇಶ ಬಂದ ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ಗ್ರಾಹಕನಿಗೆ ಒಂದು ಪೈಸೆಯ ನಷ್ಟವೂ ಇಲ್ಲ. ನಾಲ್ಕರಿಂದ ಏಳು ದಿನವಾದರೆ ಬಡವರ ಮೂಲ ಉಳಿತಾಯ ಖಾತೆಗೆ ಹೆಚ್ಚೆಂದರೆ 5,000, ಸಾಮಾನ್ಯ ಉಳಿತಾಯ ಖಾತೆಗೆ 10,000. ತಿಳಿಸಿದ ಹತ್ತು ಕೆಲಸದ ದಿನಗಳಲ್ಲಿ ಹಣವನ್ನು ಖಾತೆಗೆ ಜಮಾ ತೋರಿಸಬೇಕು, 90 ದಿನಗಳಲ್ಲಿ ದೂರು ಇತ್ಯರ್ಥವಾಗಬೇಕು. ಎಲ್ಲಕ್ಕಿಂತ ದೊಡ್ಡದು, ತಪ್ಪು ಗ್ರಾಹಕನದೇ ಎಂದು ಸಾಬೀತುಪಡಿಸುವ ಭಾರ ಬ್ಯಾಂಕಿನ ಮೇಲಿತ್ತು. ಪೊಲೀಸರ ಚೀಟಿ ತಂದರೆ ಮಾತ್ರ ದೂರು ಎಂದು ಅದರಲ್ಲಿ ಎಲ್ಲಿಯೂ ಇರಲಿಲ್ಲ. ದೂರು ಬಂದ ಕೂಡಲೇ ಅದರ ಸಂಖ್ಯೆ ಕೊಡಬೇಕು ಎಂದಿತ್ತು. ಮೇಜಿನ ಆಚೆ ಕುಳಿತವರಿಗೆ ಇದು ತಿಳಿಯದೆ? "ನಂಬರ್ ಯಾರಿಗೆ ಹೇಳಿದ್ರಿ" ಎಂಬ ಪ್ರಶ್ನೆ ಸಾಬೀತಿನ ಭಾರವನ್ನು ಸದ್ದಿಲ್ಲದೆ ಬೀಡಿ ಕಟ್ಟುವ ಬೆರಳುಗಳ ಮೇಲೆ ವರ್ಗಾಯಿಸುತ್ತದೆ. ಓದು ಬಾರದವರಿಗೂ ಕಾರ್ಡು ಹಂಚಿದವರು ಅವರೇ. ಓದು ಬಾರದ್ದನ್ನು ನಿರ್ಲಕ್ಷ್ಯ ಎಂದು ಕರೆಯುವವರೂ ಅವರೇ!

ಇನ್ನು ನಮ್ಮವರ ಮಾತಿಗೆ ಬರೋಣ. ಖಾಲಾ ಮನೆಯಲ್ಲಿ ಸೇರಿದ್ದ ಹಿರಿಯರೊಬ್ಬರು, ಬ್ಯಾಂಕಿನ ಹಣವೆಂದರೆ ಬಡ್ಡಿಯ ಹಣ, ಬರಕತ್ ಇರಲಿಲ್ಲ, ಹೋಯಿತು ಎಂದರು. ಬೆನ್ನು ಬಾಗಿಸಿ ಕಟ್ಟಿದ ಬೀಡಿಯ ಕೂಲಿ ಯಾವ ಫಿಕ್ಹಿನಲ್ಲಿ ಬಡ್ಡಿಯಾಗುತ್ತದೆ? ಇನ್ನೊಬ್ಬರು ಸಬರ್ ಮಾಡಿ ಎಂದರು. ಮತ್ತೊಬ್ಬರು, ಹೆಂಗಸರಿಗೆ ಕಾರ್ಡು ಯಾಕೆ ಬೇಕಿತ್ತು ಎಂದರು. ಇದೇ ಸಂಕಟ ಒಂದು ಅಂಗಡಿಯ ಸೇಠ್‌ಗೆ ಬಂದಿದ್ದರೆ ವಕೀಲರ ನೋಟಿಸು ಮೂರನೆಯ ದಿನ ಹೋಗುತ್ತಿತ್ತು. ಸಬರ್ ಬಡ ಹೆಂಗಸರ ಪಾಲಿಗೆ ಮಾತ್ರ ಮೀಸಲಾಗಿರುವುದು ಹೇಗೆ?

ಕುರ್‌ಆನಿನ ಅತ್ಯಂತ ದೀರ್ಘವಾದ ವಚನ ಯಾವುದರ ಬಗ್ಗೆ ಎಂದು ನಮ್ಮ ಮದರಸಾದ ಮಕ್ಕಳನ್ನು ಕೇಳಿ. ನಮಾಜಿನ ಬಗ್ಗೆಯಲ್ಲ, ರೋಜಾದ ಬಗ್ಗೆಯಲ್ಲ. ಸೂರಾ ಅಲ್ ಬಕರದ 282ನೆಯ ಆ ವಚನ ಇರುವುದು ಸಾಲದ ವ್ಯವಹಾರವನ್ನು ಬರೆದಿಡುವುದರ ಬಗ್ಗೆ. ಬರೆಯಬಲ್ಲವನು ಬರೆಯಲು ನಿರಾಕರಿಸಬಾರದು, ಸ್ವತಃ ಹೇಳಿ ಬರೆಸಲಾಗದವರ ಪರವಾಗಿ ಅವರ ಹೊಣೆ ಹೊತ್ತವರು ಬರೆಸಬೇಕು ಎಂಬ ಆಶಯವೂ ಅಲ್ಲಿದೆ. ಇಂಥ ಗ್ರಂಥವನ್ನು ಎದೆಗೊತ್ತಿಕೊಳ್ಳುವ ನಾವು ಒಂದು ಅರ್ಜಿಯ ಪ್ರತಿಗೆ ಸೀಲು ಹಾಕಿಕೊಡಿ ಎಂದು ಕೇಳಲು ಅಂಜುತ್ತೇವೆ. ಕಚೇರಿಗಳಲ್ಲಿ ನಮ್ಮ ಹೆಸರು ಕೇಳಿದೊಡನೆ ಬದಲಾಗುವ ಮುಖಗಳು ಈ ಅಂಜಿಕೆಗೆ ಒಂದು ಕಾರಣ, ಒಪ್ಪೋಣ. ಆದರೆ ಕನ್ನಡ, ಇಂಗ್ಲಿಷು ಕಲಿತ ನಾವು ಪಕ್ಕದ ಮನೆಯ ಖಾಲಾ ಜೊತೆ ಬ್ಯಾಂಕಿಗೆ ಹೋಗದಿರುವುದಕ್ಕೂ ಅದೇ ಕಾರಣವೇ? ಸೋಮವಾರ ಅಂಥ ಒಬ್ಬರು ಜೊತೆಗಿದ್ದು, ಕಾರ್ಡು ಬಂದ್ ಮಾಡಿ, ದೂರಿನ ನಂಬರು ಕೊಡಿ, ಆಮೇಲೆ ಉಳಿದ ಮಾತು ಎಂದು ಪಟ್ಟು ಹಿಡಿದಿದ್ದರೆ, 1930ಕ್ಕೆ ಒಂದು ಫೋನ್ ಮಾಡಿದ್ದರೆ, ಸಂಜೆಯ ಹಣ ಉಳಿಯುತ್ತಿತ್ತು. ನಾವು ಹೋದದ್ದು ಗುರುವಾರ.

ಖಾಲಾ ಕೈಹಿಡಿದದ್ದು ಆ ಹುಡುಗಿಯ ಬುದ್ಧಿ. ಬ್ಯಾಂಕಿನವರು ಅರ್ಜಿ ತಳ್ಳಿದ ಮೇಲೆ ಅವಳು ಅಲ್ಲೇ ವರಾಂಡದಲ್ಲಿ ನಿಂತು ಪಾಸ್‌ಬುಕ್ಕಿನ ಖಾತೆ ಸಂಖ್ಯೆ ಹೇಳಿ ಮತ್ತೆ ಸಹಾಯವಾಣಿಗೆ ದೂರಿದ್ದಳು. ಅವರೂ ದೂರಿನ ನಂಬರು ಕೊಟ್ಟಿರಲಿಲ್ಲ. ಕರೆಯ ಸಮಯ ಮಾತ್ರ ಫೋನಿನಲ್ಲಿ ಉಳಿದಿತ್ತು. ಅದನ್ನು ಹಿಡಿದು, ಆ ಕರೆಯ ಧ್ವನಿಮುದ್ರಣವನ್ನೂ ಬೆಳಗಿನ ಹತ್ತೂವರೆಯ ನಿಮ್ಮ ಶಾಖೆಯ ಕ್ಯಾಮೆರಾ ಚಿತ್ರವನ್ನೂ ಜೋಪಾನ ಮಾಡಿ ಎಂದು ರಿಜಿಸ್ಟರ್ಡ್ ಅಂಚೆಯಲ್ಲಿ ಬರೆದೆವು. ಐದು ವಾರಗಳ ಮೇಲೆ 14,500 ಖಾತೆಗೆ ಬಂತು. ನಲವತ್ತು ಸಾವಿರದ ಬಗ್ಗೆ ಬಂದ ಉತ್ತರ ಒಂದೇ ಸಾಲಿನದು: ಪಿನ್ ಬಳಸಿಯೇ ಹಣ ತೆಗೆದಿರುವುದರಿಂದ ಇದು ಗ್ರಾಹಕರ ನಿರ್ಲಕ್ಷ್ಯ. ಹಿಂದೆ ನಿಂತವನು ಕದ್ದು ನೋಡಿದ್ದೂ ಇವರು ಹೇಳಿಕೊಟ್ಟಿದ್ದೂ ಬ್ಯಾಂಕಿನ ಲೆಕ್ಕದಲ್ಲಿ ಒಂದೇ. ಎಟಿಎಂನ ಕ್ಯಾಮೆರಾ ಏನು ಕಂಡಿತು ಎಂಬುದಕ್ಕೆ ಉತ್ತರವಿಲ್ಲ.

ಈಗ ಒಂಬುಡ್ಸ್‌ಮನ್‌ಗೆ ಬರೆದಿದ್ದೇವೆ. 2021ರ ನವೆಂಬರಿನಲ್ಲಿ ಆ ವ್ಯವಸ್ಥೆಯನ್ನು ಹೊಸದಾಗಿ ತಂದಾಗ, ದೂರನ್ನು ಯಾವ ಭಾಷೆಯಲ್ಲಾದರೂ ಬರೆದು ಕಳಿಸಬಹುದು ಎಂದು ರಿಸರ್ವ್ ಬ್ಯಾಂಕ್ ಹೇಳಿತ್ತು. ನಾವು ಕನ್ನಡದಲ್ಲೇ ಬರೆದೆವು. ಖಾಲಾ ಉರ್ದುವಿನಲ್ಲಿ ತಮ್ಮ ಹೆಸರು ಗೀಚಿದರು.

ಜುಮಾ ನಮಾಜಿನ ನಂತರ ಮಸೀದಿಯ ವರಾಂಡದಲ್ಲಿ ಒಂದು ಮೇಜು ಹಾಕಿ, ವಾರಕ್ಕೊಬ್ಬರಂತೆ ಕುಳಿತು ಇಂಥ ಅರ್ಜಿಗಳನ್ನು ಬರೆದುಕೊಡುತ್ತೇವೆ, ಹೆಂಗಸರಿಗೂ ಅಲ್ಲಿ ಬರಲು ಅವಕಾಶ ಕೊಡಿ ಎಂದು ನಮ್ಮ ಜಮಾಅತ್ ಕಮಿಟಿಗೆ ಕೇಳಿದೆವು. ಇದನ್ನೂ ಬರವಣಿಗೆಯಲ್ಲೇ ಕೇಳಿದೆವು. ಎರಡು ತಿಂಗಳಾಯಿತು. ಕಮಿಟಿಯವರು "ನೋಡೋಣ" ಎಂದಿದ್ದಾರೆ.